ಗುದ್ದಲಿ ಪೂಜೆಯ ಫೋಟೊ ಸಾಕು, ಗುಂಡಿಯ ಫೋಟೊ ಕೊಡಿ

ನಮ್ಮ ಯಾವುದೇ ಮಹಾನಗರ ಪಾಲಿಕೆ ಒಂದು ವರ್ಷದಲ್ಲಿ ಹೊರಬಿಡುವ ಫೋಟೊಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿಕೊಂಡು ಜನವರಿಯಿಂದ ಡಿಸೆಂಬರಿನವರೆಗೆ ನೋಡುತ್ತಾ ಹೋಗಿ. ಸಿಗುವುದು ಬಹುಪಾಲು ಗುದ್ದಲಿ ಪೂಜೆ, ರಿಬ್ಬನ್ನು, ಶಾಲು, ಪೇಟ, ಹಣ್ಣಿನ ಬುಟ್ಟಿ, ಮತ್ತೆ ಗುದ್ದಲಿ ಪೂಜೆ. ಮಳೆಗಾಲದಲ್ಲಿ ಸ್ವಲ್ಪ ಬದಲಾವಣೆ ಇರುತ್ತೆ. ಅದೇ ಸಾಹೇಬರು ಗಂಬೂಟು ಹಾಕಿಕೊಂಡು ರಾಜಕಾಲುವೆ ಕಡೆ ಬೆರಳು ತೋರಿಸುತ್ತಿರುತ್ತಾರೆ, ಸುತ್ತ ಹತ್ತು ಜನ ಆ ಬೆರಳನ್ನೇ ನೋಡುತ್ತಿರುತ್ತಾರೆ. ಹನ್ನೆರಡು ತಿಂಗಳು ಮುಗಿದರೂ ಊರು ಮಾತ್ರ ಕಾಣಿಸುವುದಿಲ್ಲ. ಅದು ಈ ಜನರ ಬೆನ್ನ ಹಿಂದೆ ಎಲ್ಲೋ ಇರುತ್ತೆ.

ಅಯ್ಯೋ ಫೋಟೊ ತಾನೆ, ಬಿಡಿ ಅನ್ನಬೇಡಿ. ಸರ್ಕಾರಿ ಕ್ಯಾಮೆರಾ ಯಾರ ಕಡೆ ತಿರುಗಿರುತ್ತದೋ ಸರ್ಕಾರ ಅವರನ್ನೇ ಮುಖ್ಯ ಅಂದುಕೊಂಡಿದೆ ಅಂತ ಅರ್ಥ. ಕ್ಯಾಮೆರಾ ನಮ್ಮ ದುಡ್ಡಿನದು, ಅದನ್ನು ಹಿಡಿದವರ ಸಂಬಳವೂ ನಮ್ಮದೇ. ಹಾಗಿದ್ದ ಮೇಲೆ ಚಿತ್ರವೂ ನಮ್ಮ ಊರಿನದಾಗಿರಬೇಕಲ್ಲವೆ?

ಬೇರೆ ಊರುಗಳು ಇದನ್ನು ಹೇಗೆ ಮಾಡಿದವು ನೋಡಿ. ನ್ಯೂಯಾರ್ಕ್ ನಗರಾಡಳಿತದ ಸೇತುವೆ ಇಲಾಖೆಯಲ್ಲಿ ಯೂಜೀನ್ ಡಿ ಸಾಲಿನ್ಯಾಕ್ ಅನ್ನೋ ಫೋಟೊಗ್ರಾಫರ್ ಒಬ್ಬನಿದ್ದ. 1906ರಿಂದ 1934ರವರೆಗೆ ಇಲಾಖೆಗೆ ಬೇಕಾದ ಚಿತ್ರ ತೆಗೆಯುವುದೇ ಅವನ ನೌಕರಿ. ಅರ್ಧ ಕಟ್ಟಿದ ಸೇತುವೆ, ಅಗೆದ ರಸ್ತೆ, ಗಾಡಿ ಗುದ್ದಿ ಮುರಿದ ಕಂಬಿ, ಬಿಸಿಲಲ್ಲಿ ನಿಂತ ಕೂಲಿಗಳು. ಕಲೆ ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಕೆಲಸ ಎಲ್ಲಿಗೆ ಬಂತು, ನಾಳೆ ಕೋರ್ಟಿಗೆ ಹೋದರೆ ಸಾಕ್ಷಿ ಏನು, ಇಷ್ಟೇ ಲೆಕ್ಕ. ಹಾಗೇ ಸುಮಾರು 20,000 ನೆಗೆಟಿವ್ ಆದವು. 1914ರ ಅಕ್ಟೋಬರ್ 7ರಂದು ಬ್ರೂಕ್ಲಿನ್ ಸೇತುವೆಯ ಉಕ್ಕಿನ ಹಗ್ಗಗಳ ಮೇಲೆ ಅಲ್ಲಲ್ಲಿ ಒರಗಿ ನಿಂತ ಪೇಂಟರ್‌ಗಳ ಚಿತ್ರ ತೆಗೆದವನು ಇವನೇ. ಆ ಚಿತ್ರ ನೀವೂ ಎಲ್ಲೋ ನೋಡಿರುತ್ತೀರಿ. 1914ರಲ್ಲಿ ನ್ಯೂಯಾರ್ಕಿನ ಮೇಯರ್ ಯಾರಾಗಿದ್ದ ಅಂತ ಕೇಳಿದರೆ ಎಷ್ಟು ಜನ ಹೇಳಬಲ್ಲಿರಿ?

ಸಾಲಿನ್ಯಾಕ್ 1943ರಲ್ಲಿ ಸತ್ತ. 1999ರಲ್ಲಿ ಅಲ್ಲಿನ ಮುನಿಸಿಪಲ್ ಆರ್ಕೈವ್ಸ್‌ನ ಒಬ್ಬ ನೌಕರ, ಸಾವಿರಾರು ನೆಗೆಟಿವ್‌ಗಳ ಮೇಲೆ ನಂಬರ್ ಬರೆದ ಕೈ ಒಂದೇ ಅಂತ ಗಮನಿಸಿದ ಮೇಲೆ ಅವನ ಹೆಸರು ಬೆಳಕಿಗೆ ಬಂತು. ಆ ನೆಗೆಟಿವ್‌ಗಳನ್ನು ನಂಬರ್ ಹಾಕಿ ಜೋಡಿಸಿಟ್ಟ ಒಂದು ಕಚೇರಿ ಇತ್ತು ಅನ್ನೋದು ನನಗೆ ಅವನ ಪ್ರತಿಭೆಗಿಂತ ದೊಡ್ಡ ವಿಷಯ.

ಅದೇ ಊರಿನ ಇನ್ನೊಂದು ಕೆಲಸ ಕೇಳಿ. 1939ರಿಂದ 1941ರ ನಡುವೆ ನ್ಯೂಯಾರ್ಕಿನ ತೆರಿಗೆ ಇಲಾಖೆ ಐದೂ ಬರೋಗಳ ಪ್ರತಿಯೊಂದು ಕಟ್ಟಡದ ಫೋಟೊ ತೆಗೆಸಿತು. 7 ಲಕ್ಷಕ್ಕೂ ಹೆಚ್ಚು ಚಿತ್ರ. ಪ್ರತಿ ಚಿತ್ರದಲ್ಲೂ ಬ್ಲಾಕ್ ನಂಬರ್, ಲಾಟ್ ನಂಬರ್ ಬರೆದ ಒಂದು ಬೋರ್ಡು. ತೆರಿಗೆ ಲೆಕ್ಕ ಹಾಕುವುದಕ್ಕೆ ತೆಗೆಸಿದ್ದು, ಅಷ್ಟೆ. 2018ರಲ್ಲಿ ಅದೆಲ್ಲ ಇಂಟರ್ನೆಟ್ಟಿಗೆ ಬಂತು. ಈಗ ಜನ ತಮ್ಮ ತಾತನ ಅಂಗಡಿ, ಅಜ್ಜಿ ಇದ್ದ ಬಾಡಿಗೆ ಮನೆ ಹುಡುಕುತ್ತಾರೆ. ಅದಕ್ಕೂ ಹಿಂದೆ, 1862ರಲ್ಲೇ ಪ್ಯಾರಿಸ್ ನಗರ ಚಾರ್ಲ್ಸ್ ಮಾರ್ವಿಲ್‌ನನ್ನು ಅಧಿಕೃತ ಫೋಟೊಗ್ರಾಫರ್ ಮಾಡಿಕೊಂಡಿತ್ತು. ಒಡೆಯಲಿರುವ ಹಳೇ ಬೀದಿಗಳ ಚಿತ್ರವನ್ನು ಅವನು ಒಡೆಯುವ ಮೊದಲೇ ತೆಗೆದ.

ನ್ಯೂಯಾರ್ಕಿನ ಆ ತೆರಿಗೆ ಫೋಟೊಗಳನ್ನು ತೆಗೆದದ್ದು ಡಬ್ಲ್ಯುಪಿಎ ಅನ್ನೋ ಯೋಜನೆಯಡಿ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ತಂದ ಯೋಜನೆ ಅದು. ಅಂದರೆ ಅವರ ನರೇಗಾ ಅನ್ನಿ. ಈಗ ನಮ್ಮ ನರೇಗಾಕ್ಕೆ ಬನ್ನಿ. ನಾನು ಹಳ್ಳಿಯಿಂದ ಬಂದವನು, ಆದ್ದರಿಂದ ಇದು ನನಗೆ ಸ್ವಲ್ಪ ಹೆಚ್ಚೇ ಚುಚ್ಚುತ್ತೆ. 2023ರ ಜನವರಿ 1ರಿಂದ ನರೇಗಾ ಕೂಲಿಗಳ ಹಾಜರಿಗೆ ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ಫೋಟೊ ಕಡ್ಡಾಯವಾಯಿತು. ಕೆರೆ ಹೂಳೆತ್ತುವ ಹೆಂಗಸರು ಬುಟ್ಟಿ ಕೆಳಗಿಟ್ಟು ಸಾಲಾಗಿ ನಿಲ್ಲಬೇಕು, ಕಾಯಕ ಬಂಧು ಮೊಬೈಲ್ ಹಿಡಿದು ನೆಟ್‌ವರ್ಕ್ ಹುಡುಕಬೇಕು. ಫೋಟೊ ಏರದಿದ್ದರೆ ಕೂಲಿಗೇ ಸಂಚಕಾರ. ಆ ಫೋಟೊಗಳು ಯೋಜನೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇದ್ದವು. ಹಳ್ಳಿಯ ಕಾಮಗಾರಿಗೂ ಶುರುವಿಗೆ ಮುಂಚೆ ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು ಜಿಯೋಟ್ಯಾಗ್ ಫೋಟೊ.

ಅಲ್ಲಿ ಬಡವನ ಕೈಗೆ ಕ್ಯಾಮೆರಾ ಕೊಟ್ಟು ಆಸ್ತಿಯ ಫೋಟೊ ತೆಗೆಸಿದರು. ಇಲ್ಲಿ ಬಡವನ ಕಡೆಗೇ ಕ್ಯಾಮೆರಾ ತಿರುಗಿಸಿ, ನೀನು ಕಳ್ಳನಲ್ಲ ಅಂತ ತೋರಿಸು ಅಂದರು.

ಕೂಲಿ ಮಾಡುವ ಹೆಂಗಸಿನ ಮುಖ ದಿನಕ್ಕೆರಡು ಸಲ ಜಗಜ್ಜಾಹೀರು ಆಗಬಹುದಾದರೆ, ಕೋಟಿಗಟ್ಟಲೆ ಬಿಲ್ಲಾಗುವ ನಮ್ಮ ವೈಟ್ ಟಾಪಿಂಗ್ ರಸ್ತೆಯ ಮುಖ ಯಾಕೆ ಆಗಬಾರದು? ಪಾರದರ್ಶಕತೆ ಅನ್ನೋದು ಹಳ್ಳಿಯ ಕೂಲಿಗೆ ಮಾತ್ರ ಅನ್ವಯಿಸುವ ಕಾನೂನೇ?

ಫೋಟೊ ತೆಗೆಯೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಾಮಗಾರಿ ಫೈಲಿನಲ್ಲಿ ಫೋಟೊ ಇರುತ್ತೆ. ಇ-ಖಾತಾಕ್ಕೆ ನಮ್ಮ ಮನೆ ಫೋಟೊವನ್ನು ನಾವೇ ಏರಿಸಿ ಕೊಡುತ್ತೇವೆ. ಇಷ್ಟೊಂದು ಚಿತ್ರ ಜಮೆಯಾಗುವ ಊರಿನಲ್ಲಿ, ಹೋದ ವರ್ಷ ಈ ರಸ್ತೆ ಹೇಗಿತ್ತು ಅಂತ ನೋಡಬೇಕೆಂದರೆ ನಾವು ಯಾರದೋ ವಾಟ್ಸ್ಆ್ಯಪ್ ಫಾರ್ವರ್ಡ್ ಹುಡುಕಬೇಕು.

ಕೆಲವರು ಗೂಗಲ್ ಸ್ಟ್ರೀಟ್ ವ್ಯೂ ಇದೆಯಲ್ಲ ಗುರು ಅನ್ನುತ್ತಾರೆ. ಇದೆ. 2011ರಲ್ಲಿ ಬೆಂಗಳೂರಲ್ಲಿ ಶುರುವಾಗಿ ಪೊಲೀಸರು ನಿಲ್ಲಿಸಿದರು, 2022ರಲ್ಲಿ ಮತ್ತೆ ಬಂತು. ಅದು ಒಂದು ಕಂಪನಿಯ ಮ್ಯಾಪಿನ ಸರಕು. ಗಾಡಿ ಯಾವಾಗ ಬರುತ್ತೆ, ಯಾವ ಬೀದಿಗೆ ಬರುತ್ತೆ ಅನ್ನೋದು ಅವರ ಇಷ್ಟ. ನಮ್ಮ ಊರಿನ ನೆನಪನ್ನು ಇನ್ನೊಬ್ಬರ ಸರ್ವರಿನಲ್ಲಿ ಬಿಟ್ಟು ಕೂರುವುದು ಎಂಥ ಆರ್ಕಿಟೆಕ್ಚರ್ ಅಂತ ಸಾಫ್ಟ್‌ವೇರ್‌ನವರಿಗೆ ನಾನು ಹೇಳಬೇಕಿಲ್ಲ.

ಇನ್ನು ಕೆಲವರದು ಪ್ರೈವಸಿ ಚಿಂತೆ. ಒಳ್ಳೆಯದು. ಮುಖ ಮಸುಕು ಮಾಡಿ, ಗಾಡಿ ನಂಬರ್ ಮಸುಕು ಮಾಡಿ. ನನಗೆ ಬೇಕಿರುವುದು ಮೋರಿ.

ಮೂರನೆಯದು, ಕಂಟ್ರ್ಯಾಕ್ಟರು ಸುಳ್ಳು ಫೋಟೊ ಹಾಕುತ್ತಾನೆ ಅನ್ನುವ ವಾದ. ಹಾಕುತ್ತಾನೆ. ನರೇಗಾ ಹಾಜರಿಯಲ್ಲೇ ಸಂಬಂಧವಿಲ್ಲದ ಫೋಟೊ, ಫೋಟೊದ ಫೋಟೊ ಏರಿಸುತ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಆದರೆ ಫೈಲಿನೊಳಗಿನ ಸುಳ್ಳು ಫೋಟೊ ಹಿಡಿಯೋಕೆ ಇನ್ನೊಬ್ಬ ಅಧಿಕಾರಿ ಬೇಕು. ಎಲ್ಲರಿಗೂ ಕಾಣುವ ಸುಳ್ಳು ಫೋಟೊವನ್ನು ಹಿಡಿಯೋಕೆ ಆ ಬೀದಿಯ ಇಸ್ತ್ರಿ ಅಂಗಡಿಯವನು ಸಾಕು. ಇದು ನಮ್ಮ ರಸ್ತೆಯೇ ಅಲ್ಲ ಸಾರ್ ಅಂತ ಎರಡು ನಿಮಿಷಕ್ಕೆ ಹೇಳುತ್ತಾನೆ.

ಕಾನೂನು ಹೊಸದು ಬೇಡ. ಮಾಹಿತಿ ಹಕ್ಕು ಕಾಯ್ದೆ ಬಂದಿದ್ದು 2005ರಲ್ಲಿ. ಯಾರೂ ಅರ್ಜಿ ಹಾಕದೇ ಇದ್ದರೂ ಸಾರ್ವಜನಿಕ ಕಚೇರಿಗಳು ತಾವಾಗಿಯೇ ಮಾಹಿತಿ ಪ್ರಕಟಿಸುತ್ತಿರಬೇಕು ಅಂತ ಅದರ 4ನೇ ಸೆಕ್ಷನ್ ಹೇಳುತ್ತೆ. ಮುಖಪ್ರದರ್ಶನದ ವಿಚಾರಕ್ಕೆ ಬಂದರೆ, ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೊ ಬೇಡ ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ರಾಜ್ಯ ಸರ್ಕಾರಗಳೂ ಕೇಂದ್ರವೂ ಸೇರಿ ಬೇಡಿಕೊಂಡು 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಮುಖಗಳನ್ನು ವಾಪಸ್ ತಂದುಕೊಂಡವು. ಮುಖಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗುತ್ತಾರೆ ಸ್ವಾಮಿ. ಮೋರಿಗಾಗಿ ಹೋಗೋದು ನಾವೇ.

ಹಾಗಾದರೆ ಬೇಕಾಗಿರೋದು ಏನು? ವಾರ್ಡಿಗೆ ಇಂತಿಷ್ಟು ಅಂತ ಗೊತ್ತುಮಾಡಿದ ಜಾಗಗಳು: ಕಾಲುವೆ, ಕೆರೆ ಏರಿ, ಮಾರುಕಟ್ಟೆ, ಬಸ್ ನಿಲ್ದಾಣ, ಸರ್ಕಾರಿ ಶಾಲೆ. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಕೋನ. ದಿನಾಂಕ, ವಾರ್ಡ್ ನಂಬರ್ ಬರೆದು ಎಲ್ಲರಿಗೂ ತೆರೆದಿಡಿ. ವೇದಿಕೆ, ಮೈಕು, ಶಾಲು ಬೇಡ.

ಹಾಗೆ ತೆಗೆದ ಬೆಂಗಳೂರಿನ ಒಂದು ವರ್ಷದಲ್ಲಿ ಏನೇನು ಕಾಣುತ್ತೆ ನೋಡಿ. ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಾರನೇ ದಿನದ ಕಸ. ನೀವು ಗುಲಾಬಿ ಟಬೂಬಿಯಾ ಹೂವಿನ ರೀಲ್ಸ್ ಹಾಕುವ ತಿಂಗಳಲ್ಲಿ ಅದೇ ಹೂವನ್ನು ಗುಡಿಸುವ ಪೌರಕಾರ್ಮಿಕರು. ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ಸಾಲು, ಕರಗದ ರಾತ್ರಿಯ ಪೇಟೆ ಬೀದಿ. ಮೇ ಮಳೆಗೆ ಬಿದ್ದ ಮರ. ಜೂನ್‌ಗೆ ಮುಂಚೆ ಹೂಳೆತ್ತಿದ್ದು ಎಷ್ಟು ಅಡಿ, ಎತ್ತಿದ ಹೂಳು ದಡದಲ್ಲೇ ಉಳಿದಿದ್ದು ಎಷ್ಟು ವಾರ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ.

ಹಾಗೆ ವರ್ಷ ವರ್ಷ ಜೋಡಿಸಿಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಈಗ ಹೇಳಿದರೆ ಕತೆ ಅಂದುಕೊಳ್ಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಸುತ್ತ ನೀರು ನುಗ್ಗಿ ಟೆಕ್ಕಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದಾಗ, ಕಾಲುವೆ ಮುಚ್ಚಿದ್ದು ಯಾರು ಅಂತ ಎಲ್ಲರೂ ಎಲ್ಲರ ಕಡೆ ಬೆರಳು ತೋರಿಸಿದರು. ಅದೇ ಕಾಲುವೆಯ ಇಪ್ಪತ್ತು ವರ್ಷದ ಇಪ್ಪತ್ತು ಫೋಟೊ ಪಕ್ಕಪಕ್ಕ ಇದ್ದಿದ್ದರೆ, ಗೋಡೆ ಯಾವ ವರ್ಷ ಎದ್ದಿತು ಅಂತ ಮಗು ಕೂಡ ತೋರಿಸುತ್ತಿತ್ತು.

ಬೇಜಾರು ಹಿಡಿಸುವ ಫೋಟೊಗಳಿಗೆ ನಮ್ಮ ಅಧಿಕಾರಸ್ಥರು ಹೆದರುವುದು ಇದಕ್ಕೇ. ಗುದ್ದಲಿ ಪೂಜೆಯ ಫೋಟೊ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಗುಂಡಿಯ ಫೋಟೊಗೆ ತಾರೀಖು ಇರುತ್ತೆ.