ನೆನಪಿನ ಗೇಣಿ

ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಒಂದೆಡೆ ಕುಳಿತರೆ ಹತ್ತು ನಿಮಿಷದೊಳಗೆ ಮಾತು ಊರಮನೆಯ ಜಗುಲಿಯನ್ನು ಏರಿರುತ್ತದೆ. ಹಂಡೆಯ ಬಿಸಿನೀರು, ಬಾಳೆಲೆಯ ಊಟ, ಮಳೆಗಾಲದ ಹಲಸಿನ ಹಪ್ಪಳ, ಅಂಗಳದಲ್ಲಿ ಹರಡಿದ ಅಡಿಕೆ, ಕೊಟ್ಟಿಗೆಯ ಕರು. ಪುಣೆಯ ನಮ್ಮ ಬಳಗದಲ್ಲಿಯೂ ಹೀಗೆಯೇ. ತಿಂಗಳಿಗೊಮ್ಮೆ ಓದುವ ಪ್ರಬಂಧಗಳಲ್ಲಿ ಅರ್ಧದಷ್ಟು ಈ ಮನೆಯ ಸುತ್ತಲೇ ಸುತ್ತುತ್ತವೆ. ಓದುವವರ ಗಂಟಲು ಕಟ್ಟುತ್ತದೆ, ಕೇಳುವವರು ಕಣ್ಣೊರೆಸಿಕೊಳ್ಳುತ್ತಾರೆ, ಆಮೇಲೆ ಎಲ್ಲರೂ ಚಹಾ ಕುಡಿದು ತಮ್ಮ ತಮ್ಮ ಫ್ಲ್ಯಾಟುಗಳಿಗೆ ಮರಳುತ್ತೇವೆ.

ಈ ಬಗೆಯ ಬರಹದ ವಿರುದ್ಧ ಇಂದು ವಾದ ಹೂಡುತ್ತಿದ್ದೇವೆ. ಅಪರಾಧಿಗಳ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದೇ ಆದ್ದರಿಂದ ಓದುಗರು ಇದನ್ನು ಉಪದೇಶವೆಂದು ಭಾವಿಸಬೇಕಾಗಿಲ್ಲ.

ಕಳೆದ ವರ್ಷ ಇದೇ ಬಳಗದಲ್ಲಿ ನಾವು ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಯ ಬಗ್ಗೆ ಒಂದು ಪ್ರಬಂಧ ಓದಿದೆವು. ಎರಡೆಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ಎರಡು ಹಸು, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಎಂಬತ್ತು ದಾಟಿದ ಅಮ್ಮ. ಪ್ರಬಂಧಕ್ಕೆ ಒಳ್ಳೆಯ ಚಪ್ಪಾಳೆ ಬಿತ್ತು. ಆ ಹೆಮ್ಮೆಯಲ್ಲಿ ಡಿಸೆಂಬರಿನಲ್ಲಿ ಒಂದು ಮದುವೆಗೆಂದು ಊರಿಗೆ ಹೋದಾಗ ಅದರ ಪ್ರತಿಯನ್ನೂ ಒಯ್ದೆವು. ರಾತ್ರಿ ಒಂಬತ್ತರ ಮೇಲೆ, ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದ ಅತ್ತಿಗೆಗೆ ಅದನ್ನು ಓದಿ ಹೇಳಿದೆವು. ಅವರು ಕೈ ನಿಲ್ಲಿಸದೆ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ, “ಚೊಲೋ ಬರದ್ದೆ. ಕೊಟ್ಟಿಗೆ ಬಾಚಿದ್ದು ಯಾರು ಹೇಳಿ ಮಾತ್ರ ಬರದ್ದಿಲ್ಲೆ” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದ ಒಂದು ಬಾಬ್ತನ್ನು ನೆನಪಿಸುವಂತೆ ಹೇಳಿ ಮುಂದಿನ ಅಡಿಕೆಯನ್ನು ಕತ್ತಿಗೆ ಕೊಟ್ಟರು.

ಆ ರಾತ್ರಿ ಮತ್ತೊಮ್ಮೆ ಪ್ರಬಂಧವನ್ನು ಓದಿಕೊಂಡೆವು. ಹಾಲಿತ್ತು, ಕರೆದವರಿರಲಿಲ್ಲ. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಕಟ್ಟಿಗೆ ಹೊತ್ತವರಿರಲಿಲ್ಲ. ನಮ್ಮ ಬರಹದಲ್ಲಿ ಎಲ್ಲವೂ ತಾನೇ ತಾನಾಗಿ ನಡೆಯುತ್ತಿತ್ತು. ಅತ್ತಿಗೆ ಒಂದು ಸಲ ಬಂದಿದ್ದರು, ಬಡಿಸುವುದಕ್ಕಾಗಿ.

ಆದ್ದರಿಂದ ಅಲ್ಲಿದ್ದ ಆರು ದಿನ ಅವರ ದಿನಚರಿಯನ್ನು ಗುರುತು ಹಾಕಿಕೊಂಡೆವು. ಬೆಳಿಗ್ಗೆ ಐದಕ್ಕೆ ಬಚ್ಚಲ ಒಲೆಗೆ ಬೆಂಕಿ. ಕೊಟ್ಟಿಗೆ ಬಾಚಿ, ಸಗಣಿಯನ್ನು ಗೊಬ್ಬರಗುಂಡಿಗೆ ಹೊತ್ತುಹಾಕಿ, ದನಗಳಿಗೆ ಹಿಂಡಿ ಕಲಸಿ ಹಾಲು ಕರೆಯುವುದು. ಏಳಕ್ಕೆ ಎಲ್ಲರಿಗೂ ತೆಳ್ಳೇವು. ಮಕ್ಕಳ ಡಬ್ಬಿ, ಅತ್ತೆಯ ಸ್ನಾನ, ಮಾತ್ರೆ. ಒಂಬತ್ತಕ್ಕೆ ಹಿಂದಿನ ದಿನ ಬೇಯಿಸಿದ ಅಡಿಕೆಯನ್ನು ಬಿಸಿಲಿಗೆ ಹರಡುವುದು. ಹುಲ್ಲು ಕೊಯ್ದು ತರುವುದು. ಕೊನೆಕೊಯ್ಲಿನವರು ಬಂದ ದಿನ ಅವರಿಗೂ ಸೇರಿಸಿ ಅಡಿಗೆ. ಮಧ್ಯಾಹ್ನ ಊಟದ ಪಾತ್ರೆಯಾದ ಮೇಲೆ ತೋಟದಲ್ಲಿ ಉದುರಿದ ಅಡಿಕೆ ಹೆಕ್ಕುವುದು. ಸಂಜೆ ಹರಡಿದ್ದನ್ನು ಮತ್ತೆ ರಾಶಿ ಮಾಡಿ ಮುಚ್ಚುವುದು, ಮತ್ತೆ ಕೊಟ್ಟಿಗೆ, ಮತ್ತೆ ಹಾಲು, ಮತ್ತೆ ಒಲೆ. ಒಂಬತ್ತರಿಂದ ಹನ್ನೊಂದರವರೆಗೆ ಸುಲಿಯುವ ಕೆಲಸ. ಅತ್ತಿಗೆ ಕುಳಿತದ್ದನ್ನು ನಾವು ನೋಡಿದ್ದು ಮೆಟ್ಟುಗತ್ತಿಯ ಮುಂದೆ ಮಾತ್ರ.

ಇದು ಸುಗ್ಗಿಯ ಮಾತು. ಮಿಕ್ಕ ದಿನಗಳಲ್ಲಿ ಬಿಡುವಿದೆಯೆಂದು ತಿಳಿಯಬಾರದು. ಮಳೆ ಹಿಡಿಯುವ ಮೊದಲೊಮ್ಮೆ, ಅದಾಗಿ 40–45 ದಿನಕ್ಕೆ ಇನ್ನೊಮ್ಮೆ, ಕೊಳೆರೋಗಕ್ಕೆ ಔಷಧಿ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮರವೇರಿ ಹೊಡೆಯುವವನ ಕೌಶಲ ಎಲ್ಲರಿಗೂ ಕಾಣುತ್ತದೆ. ಕೆಳಗೆ ಸುಣ್ಣ ಕದಡುತ್ತ ನೀರು ಹೊರುವವರು ಕಾಣುವುದಿಲ್ಲ. ಕೊಟ್ಟಿಗೆಗೂ ಗೊಬ್ಬರಕ್ಕೂ ಬೇಕಾದ ದರಕನ್ನು ಬೇಸಗೆಯಲ್ಲಿ ಬೆಟ್ಟದಿಂದ ಗುಡಿಸಿ ತರಬೇಕು. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದು ತಲೆಯೆತ್ತುವ ಕಾಲ ಡಿಸೆಂಬರಿನಿಂದ ಮೇವರೆಗೆ. ದರಕು ಗುಡಿಸುವ ಕಾಲವೂ ಅದೇ. ಒಣಗಿದೆಲೆಗಳ ಮೇಲೆ ನಡೆವಾಗಿನ ಸಪ್ಪಳವನ್ನು ನಾವು ನಮ್ಮ ಪ್ರಬಂಧದಲ್ಲಿ ಬಹಳ ಚೆಂದವಾಗಿ ವರ್ಣಿಸಿದ್ದೆವು.

ಇನ್ನು ಏಪ್ರಿಲ್–ಮೇ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ತಿಂಗಳು. ಮಕ್ಕಳನ್ನು ಕರೆದುಕೊಂಡು ನಾವೆಲ್ಲ ಊರಿಗೆ ಬರುವುದೂ ಆಗಲೇ. ನಮ್ಮ ರಜೆಯೆಂದರೆ ಅವರಿಗೆ ಹೆಚ್ಚುವರಿ ಪಾಳಿಯೆಂದು ಇಪ್ಪತ್ತು ವರ್ಷಗಳಲ್ಲಿ ನಮಗೊಮ್ಮೆಯೂ ಹೊಳೆದಿರಲಿಲ್ಲ.

ಕೇಂದ್ರ ಸರ್ಕಾರದ ನೌಕರರಾದ ನಮಗೆ ಹೋಲಿಕೆ ಸುಲಭ. 1985ರಿಂದ ನಮಗೆ ವಾರಕ್ಕೆ ಐದೇ ದಿನದ ಕಚೇರಿ. ವರ್ಷಕ್ಕೆ 30 ದಿನ ಗಳಿಕೆ ರಜೆ, 8 ದಿನ ಸಾಂದರ್ಭಿಕ ರಜೆ. ಜನವರಿಗೊಮ್ಮೆ, ಜುಲೈಗೊಮ್ಮೆ ತುಟ್ಟಿಭತ್ಯೆಯ ಪರಿಷ್ಕರಣೆ. ಊರಿಗೆ ಹೋಗಿ ಬರುವುದಕ್ಕೂ ರಜಾ ಪ್ರಯಾಣ ರಿಯಾಯಿತಿ. ಹೀಗಿದ್ದೂ ಕೆಲಸದ ಒತ್ತಡದ ಬಗ್ಗೆ ದೂರದ ದಿನವಿಲ್ಲ. ಅತ್ತಿಗೆಯ ಕೊಟ್ಟಿಗೆಗೆ ಎರಡನೆಯ ಶನಿವಾರವೂ ಇಲ್ಲ, ಗಣರಾಜ್ಯೋತ್ಸವವೂ ಇಲ್ಲ. ತಮ್ಮ ತಂದೆ ತೀರಿಕೊಂಡಾಗ ಅವರು ತವರಿಗೆ ಹೊರಟದ್ದು ಪಕ್ಕದ ಮನೆಯವರಿಗೆ ಹಾಲು ಕರೆಯಲು ಒಪ್ಪಿಸಿದ ಮೇಲೆ.

ಇದು ಒಂದು ಮನೆಯ ವಿಶೇಷವಲ್ಲ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ತೋಟಮನೆಯಲ್ಲಿ ಈ ಲೆಕ್ಕವೂ ಸಾಲದು. ಅಲ್ಲಿ ಮನೆಗೆಲಸ ಎಲ್ಲಿ ಮುಗಿದು ಬೇಸಾಯ ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆಯಲಾಗದು. ಕೊನೆಕೊಯ್ಲಿನವರಿಗೆ ಮಾಡಿದ ಅಡಿಗೆ ಯಾವ ಖಾತೆಗೆ ಸೇರಬೇಕು?

ಇಂಗ್ಲಿಷ್ ಎಂ.ಎ. ಓದುವಾಗ ಪಠ್ಯದ ಅಂಚಿನಲ್ಲಿ ಕಂಡು ಮರೆತಿದ್ದ ಒಂದು ಜಗಳ ಈಗ ನೆನಪಾಗುತ್ತಿದೆ. 1730ರಲ್ಲಿ ಸ್ಟೀಫನ್ ಡಕ್ ಎಂಬ ಕೃಷಿಕೂಲಿಯೊಬ್ಬ ತನ್ನ ಒಕ್ಕಲು ಕೆಲಸದ ಬವಣೆಯನ್ನು ಪದ್ಯವಾಗಿಸಿ ರಾಣಿಯ ಆಶ್ರಯವನ್ನೂ ಪಡೆದ. ಅದರಲ್ಲಿ ಹೊಲಕ್ಕೆ ಬಂದ ಹೆಂಗಸರನ್ನು ಹರಟೆಮಲ್ಲಿಯರಂತೆ ಚಿತ್ರಿಸಿದ್ದ. ಬಟ್ಟೆ ಒಗೆದು ಬದುಕುತ್ತಿದ್ದ ಮೇರಿ ಕೋಲಿಯರ್ 1739ರಲ್ಲಿ ಅವನಿಗೆ ಪದ್ಯದಲ್ಲೇ ಉತ್ತರ ಕೊಟ್ಟಳು. ನೀನು ಹೊಲದಿಂದ ಮರಳಿದಾಗ ನಿನ್ನ ದುಡಿಮೆ ಮುಗಿಯಿತು, ನಮ್ಮದು ಮನೆಯಲ್ಲಿ ಮತ್ತೆ ತೊಡಗಿತು ಎಂಬುದು ಅವಳ ವಾದದ ಸಾರ. ದುಡಿಮೆಯ ಕಷ್ಟವನ್ನು ಸ್ವತಃ ಅರಿತ ಡಕ್‌ನ ಕಣ್ಣಿಗೂ ಹೆಂಗಸರ ದುಡಿಮೆ ಬೀಳಲಿಲ್ಲ. ದುಡಿಮೆಯೇ ಇಲ್ಲದ ನಮ್ಮ ಕಣ್ಣಿಗೆ ಬಿದ್ದೀತೇ?

ನಮ್ಮಲ್ಲೂ ಬರೆದವರಿಲ್ಲವೆಂದಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಹೊರನಾಡಿನ ಸಭೆಗಳಲ್ಲಿ ನಾವು ಮತ್ತೆ ಮತ್ತೆ ಹೆಸರಿಸುತ್ತೇವೆ, ಹೆಚ್ಚಾಗಿ ಹೆಸರನ್ನಷ್ಟೇ. ಮೊಮ್ಮಗ ರಾಮ ಮಣ್ಣಿಗೆ ಮರಳಿದ್ದು ನಮಗೆ ಹಿತವಾದ ಕಥೆ. ಅವನು ಮರಳಲು ಅಲ್ಲೊಂದು ಮನೆ ಉಳಿದಿದ್ದರೆ ಅದಕ್ಕೆ ಪಾರೋತಿ, ಸರಸೋತಿ, ನಾಗವೇಣಿಯರು ಸವೆದದ್ದು ಕಾರಣ. ಕಾರಂತರು ಅದನ್ನು ಪುಟಪುಟಗಳಲ್ಲಿ ಬರೆದಿದ್ದಾರೆ. ನಾವು ಶೀರ್ಷಿಕೆಯಲ್ಲೇ ನಿಂತುಬಿಟ್ಟೆವು.

ನೆನಪು ಯಾರಿಗೂ ಕೇಡು ಮಾಡದು, ದೂರದಲ್ಲಿರುವವರ ಒಂದು ಸಮಾಧಾನವದು, ಬಿಟ್ಟುಬಿಡಿ ಎಂದು ಗೆಳೆಯರೊಬ್ಬರು ಹೇಳಿದರು. ಒಪ್ಪಲಾರೆವು. ಈ ನೆನಪು ಅಷ್ಟು ನಿರುಪದ್ರವಿಯಲ್ಲ; ಅದಕ್ಕೆ ಪಹಣಿಯಲ್ಲಿ ಹೆಸರಿದೆ.

ನಮ್ಮ ಎರಡೆಕರೆಯ ಪಹಣಿಯಲ್ಲಿ ಅಪ್ಪನ ಕಾಲಾನಂತರ ಅಣ್ಣನ ಹೆಸರಿದೆ, ನಮ್ಮ ಹೆಸರಿದೆ, ಅಕ್ಕನ ಹೆಸರಿದೆ. ಅಕ್ಕನ ಹಕ್ಕು ನ್ಯಾಯವಾದದ್ದು. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಬಂದ ತಿದ್ದುಪಡಿಗಳು ಹೆಣ್ಣುಮಕ್ಕಳಿಗೆ ಆ ದಾರಿ ತೆರೆದವು. ಆದರೆ ಇಪ್ಪತ್ತೆರಡು ವರ್ಷಗಳಿಂದ ಆ ತೋಟದಲ್ಲಿ ದುಡಿಯುತ್ತಿರುವ ಅತ್ತಿಗೆಯ ಹೆಸರು ಅಲ್ಲೆಲ್ಲೂ ಇಲ್ಲ. ಸಾಲ, ಪರಿಹಾರ, ಸಹಾಯಧನ ಎಲ್ಲವೂ ಪಹಣಿಯನ್ನು ಹಿಡಿದು ಬರುತ್ತವಾದ್ದರಿಂದ ಸರ್ಕಾರದ ಕಣ್ಣಿಗೆ ಅವರು ರೈತರಲ್ಲ, ರೈತನ ಹೆಂಡತಿ. ಭೂಮಿ ಹೆಸರಿನಲ್ಲಿಲ್ಲದಿದ್ದರೂ ದುಡಿಯುವ ಹೆಂಗಸನ್ನು ರೈತಳೆಂದು ದಾಖಲಿಸಬೇಕೆಂಬ ಖಾಸಗಿ ಮಸೂದೆಯನ್ನು ಎಂ.ಎಸ್. ಸ್ವಾಮಿನಾಥನ್ 2012ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರು. ಅದು ಕಾಯಿದೆಯಾಗದೆ ಬಿದ್ದುಹೋಯಿತು.

ನಮ್ಮ ಸೀಮೆಯವರಿಗೆ ಗೇಣಿ ಎಂಬ ಮಾತು ಹೊಸದಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಪಕ್ಕದ ಸಾಗರದಲ್ಲಿ. 1974ರ ಭೂಸುಧಾರಣೆಯ ಹೊತ್ತಿಗೆ ‘ಉಳುವವನೇ ಹೊಲದೊಡೆಯ’ ಎಂಬುದು ಮನೆಮಾತಾಯಿತು. ಆ ಘೋಷಣೆಯಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಲಿಲ್ಲ. ಒಂದು, ಅದು ‘ಉಳುವವನೇ’ ಎಂದಿತು. ‘ಉಳುವವಳು’ ಎನ್ನಲು ಯಾರಿಗೂ ತೋಚಲಿಲ್ಲ. ಎರಡು, ಉಳದೆ ಕುಳಿತು ಫಲ ಪಡೆಯುವವನನ್ನು ಅದು ಪ್ರಶ್ನಿಸಿತ್ತು. ಇಂದು ಆ ಜಾಗದಲ್ಲಿ ಯಾರಿದ್ದಾರೆ? ಪುಣೆಯಲ್ಲೂ ಮುಂಬಯಿಯಲ್ಲೂ ಚೆನ್ನೈಯಲ್ಲೂ ಕುಳಿತು ವರ್ಷಕ್ಕೊಮ್ಮೆ ತುಪ್ಪದ ಡಬ್ಬಿ, ಹಪ್ಪಳದ ಕಟ್ಟು, ಉಪ್ಪಿನಕಾಯಿಯ ಭರಣಿ ಹೊತ್ತು ತರುವ ನಾವು. ಅದರ ಮೇಲೆ ಒಂದು ಪ್ರಬಂಧಕ್ಕಾಗುವಷ್ಟು ನೆನಪನ್ನೂ ವಸೂಲು ಮಾಡಿ ತರುತ್ತೇವೆ. ಅಡಿಕೆಯ ದರ ಏರಿದ ವರ್ಷ ಪಾಲಿನ ಮಾತನ್ನೂ ಎತ್ತುತ್ತೇವೆ. ಎಲೆಚುಕ್ಕೆ ರೋಗ ಬಂದು ಫಸಲು ಇಳಿದ ವರ್ಷ ಫೋನಿನಲ್ಲಿ “ಛೆ, ಪಾಪ” ಎನ್ನುತ್ತೇವೆ.

ಮನೆಯವರ ಲೆಕ್ಕದಿಂದಲೂ ಹೊರಗುಳಿದವರಿದ್ದಾರೆಂಬುದನ್ನು ಮರೆಯಬಾರದು. ಮರದಿಂದ ಮರಕ್ಕೆ ದಾಟಿ ಕೊನೆ ಇಳಿಸುವ ಕೊನೆಗೌಡ, ಅಡಿಕೆ ಸುಲಿಯಲು ಬರುವ ಹೆಂಗಸರು: ಇವರನ್ನು ನಮ್ಮ ಪ್ರಬಂಧಗಳು ‘ಮನೆಯ ಆಳುಕಾಳು’ ಎಂಬ ಒಂದು ಪದದಲ್ಲಿ ಮುಗಿಸುತ್ತವೆ. ಅತ್ತಿಗೆಗಾದರೂ ಕೇಳಲು ಒಬ್ಬ ಮೈದುನ ಸಿಕ್ಕಿದ. ಅವರು ಯಾರನ್ನು ಕೇಳಬೇಕು?

ಊರಿನ ಕಡೆ ಇನ್ನೊಂದು ಮಾತು ಕೇಳಿಬರುತ್ತದೆ: ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ. ಸಭೆಯ ಚಹಾದ ಹೊತ್ತಿನಲ್ಲಿ ನಾವೂ ಇದಕ್ಕೆ ಮರುಗಿ, ಈಗಿನ ಹುಡುಗಿಯರಿಗೆ ಹಳ್ಳಿ ಬೇಡವೆಂದು ಷರಾ ಬರೆಯುತ್ತೇವೆ. ನಮ್ಮ ಹೆಣ್ಣುಮಕ್ಕಳನ್ನು ಆ ಮನೆಗಳಿಗೆ ಕೊಡುವ ಯೋಚನೆ ನಮಗೆ ಕನಸಿನಲ್ಲೂ ಬರುವುದಿಲ್ಲ. ಆ ಹುಡುಗಿಯರು ಹಳ್ಳಿಯನ್ನು ದ್ವೇಷಿಸುವವರಲ್ಲ. ತಮ್ಮ ತಾಯಂದಿರ ಬೆಳಗಿನ ಐದು ಗಂಟೆಯನ್ನೂ ರಾತ್ರಿಯ ಹನ್ನೊಂದನ್ನೂ ಪಹಣಿಯ ಖಾಲಿ ಜಾಗವನ್ನೂ ಕಂಡವರು. ನಾವು ಬರೆಯದೆ ಬಿಟ್ಟ ಭಾಗವನ್ನು ಓದಿಕೊಂಡೇ ಬೇಡವೆಂದಿದ್ದಾರೆ. ಅಣ್ಣನ ಮಗಳು ಈಗ ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಳೆ. ತೋಟದ ಮನೆಗೆ ಮದುವೆಯಾಗಿ ಹೋಗಲಾರೆನೆಂದು ಅವಳು ಹೇಳಿದಾಗ ಅತ್ತಿಗೆ ಆಗಲಿ ಎಂದರಂತೆ. ಆ ತಾಯಿಯ ಒಪ್ಪಿಗೆಗಿಂತ ಕಠಿಣವಾದ ವಿಮರ್ಶೆ ನಮ್ಮ ಪ್ರಬಂಧಕ್ಕೆ ಬರಲಾರದು.

ಹಾಗಾದರೆ ಊರನ್ನು ನೆನೆಯಬಾರದೇ? ನೆನೆಯೋಣ, ಲೆಕ್ಕ ಸಮೇತ. ಗಳಿಕೆ ರಜೆಯನ್ನು ಮಾವಿನ ಕಾಲಕ್ಕೆ ಕೂಡಿಡುವ ಬದಲು ಸುಲಿಯುವ ಕಾಲಕ್ಕೆ ತೆಗೆದುಕೊಂಡು ಹದಿನೈದು ದಿನವಾದರೂ ಕೈಜೋಡಿಸೋಣ. ಅತ್ತಿಗೆಯಂದಿರು ಆ ದಿನಗಳಲ್ಲಿ ತವರಿಗೆ ಹೋಗಿಬರಲಿ. ವೃದ್ಧ ತಂದೆತಾಯಿಯರ ಆರೈಕೆಯನ್ನು ಯಾರೋ ಹೊತ್ತಿರುವುದರಿಂದಲೇ ನಮ್ಮ ನೌಕರಿ ನಡೆದಿದೆಯೆಂದು ಒಪ್ಪಿಕೊಂಡು ಪ್ರತಿ ತಿಂಗಳೂ ಅದಕ್ಕೊಂದು ಮೊತ್ತವನ್ನು, ಉಪಕಾರವೆಂದಲ್ಲ, ಬಾಕಿಯೆಂದು ಕಳಿಸೋಣ. ಮುಖ್ಯವಾಗಿ, ಪಾಲಾಗುವ ದಿನ ದುಡಿದವಳ ಹೆಸರು ಕಾಗದದಲ್ಲಿ ಬರುವಂತೆ ನೋಡಿಕೊಳ್ಳೋಣ.

ನಮ್ಮ ಮಟ್ಟಿಗೆ, ಪಾಲುಪಟ್ಟಿಯಾದ ಮೇಲೆ ನಮ್ಮ ಹಿಸ್ಸೆಯನ್ನು ಅತ್ತಿಗೆಯ ಹೆಸರಿಗೆ ದಾನಪತ್ರ ಮಾಡಿಕೊಡುವುದಾಗಿ ಅಣ್ಣನಿಗೆ ಪತ್ರ ಬರೆದಿದ್ದೇವೆ. ಪತ್ರವನ್ನು ಅಂಚೆಗೆ ಹಾಕಲು ಎರಡು ವಾರ ತಡೆದೆವೆಂಬುದನ್ನೂ ಮುಚ್ಚಿಡುವುದಿಲ್ಲ. ಆ ಎರಡು ವಾರ ದಿನಾ ಅಡಿಕೆಯ ಧಾರಣೆ ನೋಡುತ್ತಿದ್ದೆವು. ನಿವೃತ್ತಿಯ ನಂತರ ಊರಿನಲ್ಲಿ ಜಗುಲಿಯ ಮೇಲೆ ಕುಳಿತು ಓದುವ ಕನಸೂ ಆ ಹಿಸ್ಸೆಯಲ್ಲೇ ಇತ್ತು. ಆ ಜಗುಲಿಯನ್ನು ಸಾರಿಸುವವರು ಯಾರೆಂದು ಕನಸಿನಲ್ಲಿ ಕೇಳಿಕೊಂಡಿರಲಿಲ್ಲ.

ಬಳಗದ ಮುಂದಿನ ಸಭೆಗೆ ಒಂದು ಸೂಚನೆಯಿದೆ. ಊರಮನೆಯ ಪ್ರಬಂಧವನ್ನು ಯಾರೂ ಬಿಡಬೇಕಾಗಿಲ್ಲ. ಓದಿ ಮುಗಿಸಿದ ಮೇಲೆ ಒಬ್ಬರು ಎದ್ದು, ಕೊಟ್ಟಿಗೆ ಬಾಚಿದ್ದು ಯಾರು ಎಂದು ಕೇಳಬೇಕು. ಉತ್ತರ ಪ್ರಬಂಧದೊಳಗೆ ಇದ್ದರೆ ಚಪ್ಪಾಳೆ ತಟ್ಟೋಣ. ಇಲ್ಲದಿದ್ದರೆ ಬರೆದವರು ಅದನ್ನು ತಿದ್ದಿ ಮತ್ತೆ ತರಲಿ. ನಮ್ಮ ಹಳೆಯ ಪ್ರಬಂಧವನ್ನು ಮೊದಲು ತಿದ್ದಿ ತರುವವರು ನಾವೇ.