ಅರಿಶಿನದ ಪೊರೆ, ಅಡಿಕೆಯ ಹಾಳೆ

ಅರಿಶಿನಕ್ಕೆ ಸುಣ್ಣ ಸೋಕಿದರೆ ಕೆಂಪೇರುವುದನ್ನು ಆರತಿಗೆ ಓಕುಳಿ ಕಲಸಿದವರೆಲ್ಲ ಬಲ್ಲರು. ಆಹಾರ ವಿಜ್ಞಾನಿಗಳು ಇದೇ ಗುಣವನ್ನು ಪೊಟ್ಟಣಕ್ಕೆ ತಂದಿದ್ದಾರೆ. ಪಿಷ್ಟದಿಂದಲೋ ಸಿಗಡಿ ಚಿಪ್ಪಿನ ಕೈಟೋಸಾನ್‌ನಿಂದಲೋ, ಮಣ್ಣಿನಲ್ಲಿ ಕರಗಬಲ್ಲ ತೆಳುವಾದ ಪೊರೆಯನ್ನು ಮಾಡಿ, ಅದರಲ್ಲಿ ಅರಿಶಿನದ ಕರ್ಕ್ಯುಮಿನ್ ಬೆರೆಸುತ್ತಾರೆ. ಒಳಗಿನ ಮೀನು ಕೆಟ್ಟು ಕ್ಷಾರಗುಣದ ಆವಿ ಬಿಡತೊಡಗಿದಾಗ ಹಳದಿ ಪೊರೆ ಕೆಂಪಿಗೆ ತಿರುಗುತ್ತದೆ. ಲವಂಗದೆಣ್ಣೆಯ ಯೂಜಿನಾಲ್ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ದಾಳಿಂಬೆ ಸಿಪ್ಪೆಯ ಸಾರ ಕೊಬ್ಬು ಕಮಟಾಗುವುದನ್ನು ಮುಂದೂಡುತ್ತದೆ. ಪಿಷ್ಟದ ಪೊರೆ ತೇವಕ್ಕೆ ಮೆತ್ತಗಾಗುವುದೊಂದು ಕೊರತೆ. ಕರಾವಳಿಯ ಮಳೆಗಾಲದಲ್ಲಿ ಅದು ಸಣ್ಣ ಕೊರತೆಯೇನಲ್ಲ.

ಆದರೂ ಹೆಚ್ಚು ಯೋಚಿಸಬೇಕಾದ ವಿಷಯ ಬೇರೆಯೇ ಇದೆ. ‘ಸಸ್ಯಜನ್ಯ’ ಎಂಬ ಮಾತನ್ನೇ ಅಭಯಪತ್ರವೆಂದು ಬಗೆಯುವುದು ತಪ್ಪು. ಇಂಥ ಸಾರಗಳು ಬಹುಮಟ್ಟಿಗೆ ಆಹಾರಕ್ಕೆ ಇಳಿದೇ ತಮ್ಮ ಕೆಲಸ ಮಾಡುತ್ತವೆ. ಇಳಿದದ್ದು ಉಣ್ಣುವವರ ಹೊಟ್ಟೆಯನ್ನೂ ಸೇರುತ್ತದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳಿಗೆ ಆಹಾರದ ಸಂಪರ್ಕಕ್ಕೆ ಅನುಮತಿಯಿಲ್ಲವೆಂದು ಸಾರಿದ್ದು ಇದೇ ಕಾರಣಕ್ಕೆ: ಹಾಳೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದು. ತಲೆಮಾರುಗಳಿಂದ ಹಾಳೆಯಲ್ಲಿ ಉಂಡ ಕಾಸರಗೋಡಿನವರಿಗೆ ಈ ಮಾತು ಕಹಿ. ಆದರೆ ‘ಅಜ್ಜ ಉಂಡಿದ್ದರು’ ಎಂಬುದು ಅದಕ್ಕೆ ಉತ್ತರವಾಗದು. ಬಿಸಿ ಸಾರಿಗೆ, ಹುಳಿಗೆ, ಎಣ್ಣೆಗೆ ಎಷ್ಟೆಷ್ಟು ಇಳಿಯುತ್ತದೆಂಬುದನ್ನು ಅಳೆದು ಹೇಳಬೇಕು. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಇರುವುದು ಕಾಸರಗೋಡಿನಲ್ಲಿಯೇ. ಹಾಳೆಯಾಗಲಿ ಹೊಸ ಪೊರೆಯಾಗಲಿ, ಆ ಅಂಕೆ ಪೊಟ್ಟಣದ ಮೇಲೆ ಅಚ್ಚಾಗಲಿ, ಮಲಯಾಳದೊಡನೆ ಕನ್ನಡದಲ್ಲಿಯೂ.