ಸೀರೆ ನಕಲಾದರೆ ಬೀದಿಗೆ, ಸಿನಿಮಾ ನಕಲಾದರೆ ಜೇಬಿಗೆ

ಶುಕ್ರವಾರ ಬೆಳಿಗ್ಗೆ ತೆರೆಕಂಡ ಚಿತ್ರ ಸಂಜೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಓಡುತ್ತಿರುತ್ತದೆ, ಪ್ರಯಾಣಿಕರ ಮೊಬೈಲಿನಲ್ಲಿ. ಮೆಜೆಸ್ಟಿಕ್‌ನಲ್ಲಿ ಹತ್ತಿದವರು ಯಲಹಂಕ ದಾಟುವಷ್ಟರಲ್ಲಿ ಇಂಟರ್‌ವೆಲ್ ಮುಗಿಸಿರುತ್ತಾರೆ. ನಡುವೆ ಯಾರದೋ ತಲೆ ಅಡ್ಡ ಬರುತ್ತದೆ, ಯಾರೋ ಕೆಮ್ಮುತ್ತಾರೆ. ಥಿಯೇಟರಿನಲ್ಲಿ ಕೂತು ಕದ್ದು ತೆಗೆದದ್ದು ಎನ್ನಲು ಬೇರೆ ಸಾಕ್ಷಿ ಬೇಡ. ಕೇಳಿದರೆ, 'ಟೆಲಿಗ್ರಾಂನಲ್ಲಿ ಬಂತು, ನೋಡಿದೆ, ನಂದೇನು ತಪ್ಪು?' ಅನ್ನೋ ಉತ್ತರ ರೆಡಿ.

ಇದೇ ಊರಿನ ನೇಕಾರರು ಸೂರತ್‌ನಿಂದ ಬರುವ ಅಗ್ಗದ ಸೀರೆಗಳ ವಿರುದ್ಧ ಬೀದಿಗಿಳಿದವರು. ಇಲ್ಲಿ ತಲೆ ಕೆಡಿಸಿಕೊಂಡು ಮಾಡಿದ ಡಿಸೈನು ಅಲ್ಲಿ ನಕಲಾಗಿ, ಅಗ್ಗದ ಮಾಲಾಗಿ ಇಲ್ಲಿಯ ಅಂಗಡಿಗೇ ವಾಪಸ್ ಬಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆ ಕೂಗು ನ್ಯಾಯವಾದದ್ದೇ. ಆದರೆ ಮಗ್ಗ ಸದ್ದು ಮಾಡುತ್ತಿರುವಾಗಲೇ ಪಕ್ಕದ ಮೊಬೈಲಿನಲ್ಲಿ ಕದ್ದ ಸಿನಿಮಾ ಓಡುತ್ತಿದ್ದರೆ ಅದಕ್ಕೇನನ್ನಬೇಕು?

ಈ ರೋಗ ಹೊಸದಲ್ಲ. ಕ್ಯಾಸೆಟ್ಟಿನ ಕಾಲದಲ್ಲೂ ಇತ್ತು, ವಿ.ಸಿ.ಡಿ. ಕಾಲದಲ್ಲೂ ಇತ್ತು. ಆಮೇಲೆ ರೀಚಾರ್ಜ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಡುವ ವ್ಯಾಪಾರ ಬಂತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಅಂಗಡಿಯೂ ಬೇಡವಾಯಿತು. 2019ರಲ್ಲಿ ಸುದೀಪ್ ಅವರ 'ಪೈಲ್ವಾನ್' ಬಿಡುಗಡೆಯಾದ ಕೂಡಲೇ ಇಂಟರ್‌ನೆಟ್ಟಿಗೆ ಬಿದ್ದು ದೂರು ಪೊಲೀಸರ ತನಕ ಹೋದದ್ದು ಜನಕ್ಕೆ ನೆನಪಿದೆ.

ಕಾನೂನು ಇಲ್ಲವೆಂದಲ್ಲ. 2023ರ ತಿದ್ದುಪಡಿಯಂತೆ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದವನಿಗೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ರಾಜ್ಯದ ಗೂಂಡಾ ಕಾಯ್ದೆಯ ಹೆಸರಿನಲ್ಲೇ ವಿಡಿಯೋ ಕಳ್ಳರೂ ಇದ್ದಾರೆ. ಆದರೆ ಈ ಕಾನೂನಿನ ಕೈಗೆ ಸುಲಭವಾಗಿ ಸಿಗುವವನು ಯಾರು? ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ಪೆನ್‌ಡ್ರೈವ್ ಇಟ್ಟುಕೊಂಡು ಕೂತ ಚಿಲ್ಲರೆ ಅಂಗಡಿಯವನು. ವೆಬ್‌ಸೈಟ್ ನಡೆಸುವ ದೊಡ್ಡ ಕುಳ ಒಂದು ಹೆಸರು ಮುಚ್ಚಿಸಿದರೆ ಮಾರನೇ ದಿನ ಇನ್ನೊಂದು ಹೆಸರಲ್ಲಿ ಹಾಜರ್.

ಈಗ ನೆಟ್ಟಗೆ ದುಡ್ಡು ಕೊಟ್ಟು ನೋಡುವ ದಾರಿಯೂ ಇದೆ. 2020ರ ಲಾಕ್‌ಡೌನಿನಲ್ಲಿ ಪುನೀತ್ ಅವರ ಪಿ.ಆರ್.ಕೆ. ಸಂಸ್ಥೆಯ 'ಲಾ' ಥಿಯೇಟರಿಗೆ ಬಾರದೆ ನೇರ ಅಮೆಜಾನ್ ಪ್ರೈಮ್‌ನಲ್ಲೇ ಬಂತು. ಇನ್ನು ಕನ್ನಡಕ್ಕೆ ಒಳ್ಳೆ ಕಾಲ ಅಂದುಕೊಂಡವರು ಬಹಳ. ಆಗಿದ್ದೇ ಬೇರೆ. 2024ರಲ್ಲಿ ರಕ್ಷಿತ್ ಶೆಟ್ಟಿಯವರಂಥವರು ಬೆನ್ನಿಗಿದ್ದರೂ 'ಏಕಂ' ಸರಣಿಯನ್ನು ಕೊಳ್ಳುವ ಒ.ಟಿ.ಟಿ. ಸಿಗದೆ, ಸ್ವಂತ ವೆಬ್‌ಸೈಟ್ ಮಾಡಿ 149 ರೂಪಾಯಿಗೆ ತೋರಿಸಬೇಕಾಯಿತು. ಒ.ಟಿ.ಟಿ. ಕಂಪನಿಗಳು ಲೆಕ್ಕ ನೋಡುವ ವ್ಯಾಪಾರಸ್ಥರು. ಟೆಲಿಗ್ರಾಂನಲ್ಲಿ ಸಾವಿರ ಜನ ನೋಡಿದ್ದು ಅವರ ಪುಸ್ತಕದಲ್ಲಿ ಸೊನ್ನೆ. 'ಕನ್ನಡಕ್ಕೆ ಗಿರಾಕಿ ಇಲ್ಲ' ಎಂದು ಕೈಯಾಡಿಸಲು ಅಷ್ಟು ಸಾಕು. ಹಿಂದಿಯ ದೊಡ್ಡ ಚಿತ್ರ ಈ ಏಟು ತಡೆದೀತು. ಸಾಲ ಮಾಡಿ ಸಣ್ಣ ಕನ್ನಡ ಚಿತ್ರ ತೆಗೆದವನು ತಡೆಯಲಾರ.

ಹಾಗೆಂದು ನೋಡುವವನೊಬ್ಬನೇ ಕಳ್ಳನಲ್ಲ. ಮನೆಮಂದಿಯೆಲ್ಲ ಮಾಲಿಗೆ ಹೋಗಿ ಬಂದರೆ ವಾರದ ಸಂಪಾದನೆ ಖಲಾಸ್. 200 ರೂಪಾಯಿ ಟಿಕೆಟ್ ಮಿತಿ 2025ರ ಸೆಪ್ಟೆಂಬರಿನಲ್ಲಿ ಬಂತು. ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಅದೇ ವರ್ಷದ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರದ್ದೇ ಒ.ಟಿ.ಟಿ. ಮಾಡುವ ಮಾತಾಡಿದರು. ಕೇರಳ ಸರ್ಕಾರ ಅದನ್ನು 2024ರ ಮಾರ್ಚಿನಲ್ಲೇ 'ಸಿ ಸ್ಪೇಸ್' ಹೆಸರಲ್ಲಿ ಶುರು ಮಾಡಿತ್ತು. ಒಂದು ಚಿತ್ರಕ್ಕೆ 75 ರೂಪಾಯಿ. ನೋಡಿದ್ದಕ್ಕಷ್ಟೇ ದುಡ್ಡು, ತಿಂಗಳ ಚಂದಾ ಇಲ್ಲ. ಅಂಥ ದರ ಇಲ್ಲೂ ಬಂದರೆ ಬಸ್ಸಿನ ಪ್ರಯಾಣಿಕ ಜೇಬಿಗೆ ಕೈ ಹಾಕದೆ ಇರಲಾರ. ಅಲ್ಲಿಯವರೆಗೆ ಪೊಲೀಸರು ಪೆನ್‌ಡ್ರೈವಿನ ಹುಡುಗನನ್ನು ಹಿಡಿದು ಫೋಟೋ ತೆಗೆಸಿಕೊಳ್ಳುವುದನ್ನು ಬಿಟ್ಟು, ಆ ಪೆನ್‌ಡ್ರೈವಿಗೆ ಸಿನಿಮಾ ಎಲ್ಲಿಂದ ಬಂತು ಎಂದು ವಿಚಾರಿಸಲಿ.